ಅಪ್ಪನ ಸಿಟ್ಟೇ ಅವರ ಬಂಡವಾಳ

ರಜೆಗೆ ಊರಿಗೆ ಬಂದಾಗಲೆಲ್ಲ ಒಂದು ಮಾತು ಕೇಳಿಸಿಕೊಳ್ಳಬೇಕಾಗುತ್ತದೆ. "ಮುಂಬಯಿ ಮಕ್ಕಳು ಬಿಡಿ, ಮೊಬೈಲಿನಲ್ಲೇ ಬೆಳೀತಾವೆ. ನಮ್ಮಲ್ಲಿ ಹಾಗಿಲ್ಲಪ್ಪ." ಹೇಳಿದವರ ಮನೆಯ ಜಗಲಿಯಲ್ಲೇ ಆ ಹೊತ್ತಿಗೆ ಮೂರು ಮಕ್ಕಳು ಒಂದು ಫೋನಿನ ಮೇಲೆ ಬಗ್ಗಿ ಕೂತಿರುತ್ತವೆ! 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದ ಮೇಲೆ, ಈ ವಿಷಯದಲ್ಲಿ ಡೊಂಬಿವಲಿಗೂ ಕುಂದಾಪುರಕ್ಕೂ ಇದ್ದ ಅಂತರ ಮುಗಿದುಹೋಯಿತು. ಇದನ್ನು ನೀವು ಒಪ್ಪಿಕೊಂಡರೆ ಮುಂದಿನ ಮಾತು ಆಡಬಹುದು.

ಆದರೂ ಪರವೂರಿನಲ್ಲಿರುವ ನಮ್ಮ ಮನೆಗಳಿಗೆ ಒಂದು ಕೊರತೆ ಹೆಚ್ಚಿಗಿದೆ. ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿದ ಗಂಡ ಹೆಂಡತಿ ತಿರುಗಿ ಬಾಗಿಲು ತೆರೆಯುವುದು ರಾತ್ರಿ ಎಂಟಕ್ಕೆ. ಮನೆಯಲ್ಲಿ ಅಜ್ಜಿ ಇಲ್ಲ, ಪಕ್ಕದಲ್ಲಿ ಅತ್ತೆ ಇಲ್ಲ. ಹಿಂದೆ ಚಾಳಿನಲ್ಲಿದ್ದಾಗ ಉದ್ದನೆಯ ಗ್ಯಾಲರಿ ಇತ್ತು. ಯಾರ ಮನೆಯ ಹುಡುಗ ಯಾರ ಜೊತೆ ನಿಂತು ಮಾತಾಡುತ್ತಿದ್ದಾನೆ ಅನ್ನುವುದು ಹತ್ತು ಮನೆಗೆ ತಿಳಿಯುತ್ತಿತ್ತು. ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು, ನಿಜ. ಈಗ ಟವರು, ಎರಡೆರಡು ಬಾಗಿಲು, ಗೇಟಿನಲ್ಲಿ ವಾಚ್‌ಮನ್. ಕೊರಿಯರ್ ಹುಡುಗನ ಹೆಸರು, ನಂಬರು, ಬಂದ ಹೊತ್ತು ಎಲ್ಲ ಬರೆಸಿಕೊಳ್ಳುತ್ತಾರೆ. ಫೋನಿನೊಳಗಿಂದ ಬಂದು ಮಗುವಿನ ಹಾಸಿಗೆಯ ಮೇಲೆ ಕೂರುವವನ ಹೆಸರು ಬರೆದುಕೊಳ್ಳುವವರು ಯಾರು?

ಅವನು ರಾಕ್ಷಸನ ಮುಖ ಹಾಕಿಕೊಂಡು ಬರುವುದಿಲ್ಲ. 2017ರಲ್ಲಿ ಬ್ಲೂ ವೇಲ್ ಅನ್ನುವ ಆಟದ ಸುದ್ದಿಗೆ ಇಡೀ ದೇಶ ನಡುಗಿತಲ್ಲ, ಆಮೇಲೆ ವಿಚಾರಣೆ ನಡೆದಾಗ ಆ ಸಾವುಗಳಿಗೂ ಆ ಆಟಕ್ಕೂ ನಂಟು ಇದೆಯೆಂದು ಸಾಬೀತಾಗಲಿಲ್ಲ. ಸರ್ಕಾರವೇ ಸಂಸತ್ತಿನಲ್ಲಿ ಹಾಗೆ ಹೇಳಿತು. ನಾವು ತಿಮಿಂಗಿಲಕ್ಕೆ ಹೆದರುತ್ತಾ ಕೂತೆವು, "ಯಾವ ಕ್ಲಾಸು? ನಿನ್ನ ಫೋಟೋ ಚೆನ್ನಾಗಿದೆ" ಎಂದು ಮೆಲ್ಲಗೆ ಕೇಳುವವನನ್ನು ನೋಡಲೇ ಇಲ್ಲ. ಅವನು ಆಟದ ಚಾಟ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಸಿಗುತ್ತಾನೆ. ಹೆಚ್ಚಾಗಿ ಹುಡುಗಿಯ ಹೆಸರು, ಅದೇ ವಯಸ್ಸು. ನಾಲ್ಕು ದಿನ ಸ್ನೇಹ. ಆಮೇಲೆ ವಾಟ್ಸಾಪ್‌ಗೋ ಟೆಲಿಗ್ರಾಂಗೋ ಕರೆಯುತ್ತಾನೆ, ಒಂದು ಫೋಟೋ ಕೇಳುತ್ತಾನೆ, ಇಲ್ಲವೇ ವಿಡಿಯೋ ಕಾಲ್ ಮಾಡಿ ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಅಲ್ಲಿಂದ ದನಿ ಬದಲು. ಮಗುವಿನ ಸ್ನೇಹಿತರ ಪಟ್ಟಿಯ ಚಿತ್ರ ತೆಗೆದು ಅದಕ್ಕೇ ಕಳಿಸುತ್ತಾನೆ: ಇವರಿಗೆಲ್ಲ ಕಳಿಸಲಾ? ನಿನ್ನ ಅಪ್ಪನಿಗೆ ಹೇಳಲಾ?

ಆ ಕೊನೆಯ ಪ್ರಶ್ನೆಯನ್ನು ಗಮನಿಸಿ. ಅವನ ಕೈಯಲ್ಲಿ ಚಾಕು ಇಲ್ಲ, ಅವನು ಇರುವುದು ಎಲ್ಲೋ. ಅವನಿಗಿರುವ ಒಂದೇ ಬಂಡವಾಳ ಅಪ್ಪನ ಸಿಟ್ಟು. ಆ ಬಂಡವಾಳವನ್ನು ಬಡ್ಡಿಯಿಲ್ಲದೆ ಒದಗಿಸುತ್ತಿರುವವರು ನಾವು. "ಫೋನು ಕಿತ್ಕೊಂಡು ಕಿಟಕಿಯಿಂದ ಬಿಸಾಕ್ತೀನಿ", "ಮರ್ಯಾದೆ ತೆಗೆದ್ರೆ ಊರಿಗೆ ಕಳಿಸಿಬಿಡ್ತೀನಿ". ವಾರಕ್ಕೆರಡು ಸಲ ಇದನ್ನು ಕೇಳಿದ ಮಗು ನಿಜವಾಗಿ ತೊಂದರೆಯಲ್ಲಿ ಸಿಕ್ಕಿಕೊಂಡಾಗ ಯಾರ ಹತ್ತಿರ ಹೋಗಬೇಕು? ಊರನ್ನೂ ಶಿಕ್ಷೆಯಾಗಿ ಮಾಡಿಟ್ಟಿದ್ದೇವಲ್ಲ!

ಥಾಣೆಯಲ್ಲಿ ನನಗೆ ಪರಿಚಯದ ಒಂದು ಮನೆ. ಒಂಬತ್ತನೆಯ ಕ್ಲಾಸಿನ ಹುಡುಗ. ತಾಯಿಯ ಫೋನಿನಿಂದ ಮೊದಲು ಐನೂರು, ಮರುದಿನ ಎರಡು ಸಾವಿರ ಹೋಯಿತು. ದುಡ್ಡು ಕೊಟ್ಟರೆ ಪೀಡೆ ತೊಲಗುತ್ತದೆ ಅನ್ನುವುದು ಮಕ್ಕಳ ಲೆಕ್ಕ. ಕೊಟ್ಟವನು ಇನ್ನೂ ಕೊಡುತ್ತಾನೆ ಅನ್ನುವುದು ಅವರ ಲೆಕ್ಕ. ಮೂರನೆಯ ಸಲ ಹತ್ತು ಸಾವಿರ ಕೇಳಿದಾಗ ಹುಡುಗ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ್ದು ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಪ್ಪನಿಗಲ್ಲ, ಶಿವಮೊಗ್ಗದಲ್ಲಿದ್ದ ಚಿಕ್ಕಪ್ಪನಿಗೆ. ಚಿಕ್ಕಪ್ಪ ಹೆಚ್ಚು ಓದಿದವರಲ್ಲ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಅವರು ಅಂದದ್ದು ಇಷ್ಟು: "ಊಟ ಮಾಡಿದ್ಯೇನೋ? ಒಂದು ಪೈಸೆ ಕಳಿಸ್ಬೇಡ, ಏನನ್ನೂ ಅಳಿಸ್ಬೇಡ. ನಾನು ಅಣ್ಣನ ಹತ್ರ ಮಾತಾಡ್ತೀನಿ." ಸೈಬರ್ ಪರಿಣತರೂ ಇದಕ್ಕಿಂತ ಬೇರೆ ಹೇಳುವುದಿಲ್ಲ.

ಭಾಷೆಯ ಮಾತು ಬೇರೆ ಇದೆ. ಕನ್ನಡ ಉಳಿಸಿ ಎಂದು ಇಲ್ಲಿನ ಸಂಘಗಳಲ್ಲಿ ಭಾಷಣ ಬಿಗಿಯುವವರು ಒಂದು ಸಲ ಯೋಚಿಸಲಿ, ನಮ್ಮ ಮಕ್ಕಳಿಗೆ ಎಷ್ಟು ಕನ್ನಡ ಕೊಟ್ಟಿದ್ದೇವೆ? ಊಟ ಆಯ್ತಾ, ಹೋಂವರ್ಕ್ ಆಯ್ತಾ, ಟಿವಿ ಆರಿಸು. ಮೈಗೆ, ನಾಚಿಕೆಗೆ, ಭಯಕ್ಕೆ ಸಂಬಂಧಪಟ್ಟ ಒಂದೇ ಒಂದು ಶಬ್ದ ಕೊಟ್ಟಿದ್ದೇವೆ: "ಛೀ". ಹಿಂದಿಯಲ್ಲಿ ಬೆದರಿಕೆ ಹಾಕಿಸಿಕೊಂಡು, ಇಂಗ್ಲಿಷಿನಲ್ಲಿ ಹೆದರಿದ ಮಗು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ಹೇಗೆ? ಯಾವ ಭಾಷೆಯಲ್ಲಾದರೂ ಹೇಳು ಮಗಾ ಅನ್ನುವ ಧೈರ್ಯವೂ ನಮಗಿಲ್ಲ.

ಇನ್ನು "ಸರ್ಕಾರ ನಿಷೇಧ ಮಾಡ್ಲಿ" ಅನ್ನುವವರು. ಆಸ್ಟ್ರೇಲಿಯಾ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಇರಬಾರದೆಂಬ ಕಾಯಿದೆಯನ್ನು 2025ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ನಮ್ಮಲ್ಲಿಯೂ 2023ರ ದತ್ತಾಂಶ ರಕ್ಷಣೆಯ ಕಾಯಿದೆ, 18 ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಒಳ್ಳೆಯದೇ. ಕಂಪನಿಗಳಿಗೆ ಕಡಿವಾಣ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಇನ್‌ಸ್ಟಾಗ್ರಾಂಗೆ 13 ಆಗಿರಬೇಕೆಂಬ ನಿಯಮ ಮೊದಲಿನಿಂದ ಇದೆಯಲ್ಲ, ಹತ್ತು ವರ್ಷದ ಮಗುವಿನ ಹುಟ್ಟಿದ ಇಸವಿಯನ್ನು ಹಿಂದಕ್ಕೆ ತಳ್ಳಿ ಖಾತೆ ತೆರೆದುಕೊಡುವವರು ಯಾರು? ಎಷ್ಟೋ ಮನೆಗಳಲ್ಲಿ ಅಪ್ಪನೇ! ಆಮೇಲೆ ಕಾನೂನು ಸರಿಯಿಲ್ಲ ಎಂಬ ಚರ್ಚೆ.

ಕಾನೂನಿನಲ್ಲಿ ಇರುವುದು ನಮಗೆ ತಿಳಿದೇ ಇಲ್ಲ ಅನ್ನುವುದು ನನ್ನ ದೊಡ್ಡ ದೂರು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರೆ ಮಗುವಿನ ಹೆಸರು ಹಾಳು ಎಂದು ಸುಮ್ಮನಾಗುವವರೇ ಹೆಚ್ಚು. 2012ರ ಪೋಕ್ಸೋ ಕಾಯಿದೆ ಹುಡುಗಿಗೆ ಮಾತ್ರವಲ್ಲ, ಹುಡುಗನಿಗೂ ಅನ್ವಯ. ಲೈಂಗಿಕ ಉದ್ದೇಶದಿಂದ ಫೋನಿನಲ್ಲಿ ಮತ್ತೆ ಮತ್ತೆ ಬೆನ್ನು ಹತ್ತುವುದೂ ಅದರಡಿ ಅಪರಾಧ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು, ಗುರುತು ಹೊರಬೀಳಬಾರದು ಎಂದು ಅದೇ ಕಾಯಿದೆ ಹೇಳುತ್ತದೆ. ದುಡ್ಡು ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು, ತಡಮಾಡಿದಷ್ಟೂ ಅದು ಕೈತಪ್ಪುತ್ತದೆ. ಮಕ್ಕಳ ಸಹಾಯವಾಣಿ 1098. ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಚಿತ್ರ ಹರಡೀತೆಂಬ ಭಯವಿದ್ದರೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಚಿತ್ರ ಫೋನು ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಅದರ ಬೆರಳಚ್ಚಿನಂಥ ಒಂದು ಗುರುತನ್ನು ಮಾತ್ರ ಅದರಲ್ಲಿ ಸೇರಿಕೊಂಡ ತಾಣಗಳಿಗೆ ಕೊಟ್ಟು ತಡೆಯಲು ಕೇಳುತ್ತಾರೆ. ಥಾಣೆಯ ಹುಡುಗ ಚಾಟ್ ಅಳಿಸದೆ ಇಟ್ಟಿದ್ದರಿಂದ ನಂಬರು, ಯುಪಿಐ ಐಡಿ, ಖಾತೆಯ ಹೆಸರು ಎಲ್ಲ ಪೊಲೀಸರಿಗೆ ಕೊಡಲು ಸಿಕ್ಕಿತು. ದುಡ್ಡು ವಾಪಸು ಬರಲಿಲ್ಲ. ಹುಡುಗ ಶಾಲೆಗೆ ಹೋಗುತ್ತಿದ್ದಾನೆ.

ಊರಿನಲ್ಲಿರುವ ನಿಮ್ಮಿಂದ ನನಗೆ ಬೇಕಾದದ್ದು ಎರಡು. ಮೊದಲನೆಯದು, ನಮ್ಮ ಮಕ್ಕಳು ಊರಿಗೆ ಬಂದಾಗ ಅವರ ಫೋಟೋ ತೆಗೆದು ನೂರೈವತ್ತು ಜನರ ಕುಟುಂಬದ ಗುಂಪಿಗೆ ಹಾಕುವುದನ್ನು ನಿಲ್ಲಿಸಿ. ಶಾಲೆಯ ಸಮವಸ್ತ್ರ, ಹುಟ್ಟುಹಬ್ಬದ ಕೇಕಿನ ಮೇಲೆ ಹೆಸರು, ವಯಸ್ಸು, ಹಿಂದೆ ಕಟ್ಟಡದ ಬೋರ್ಡು. ಹುಡುಕುವವನಿಗೆ ಇನ್ನೇನು ಬೇಕು? ಆ ಗುಂಪಿನಲ್ಲಿ ಯಾರ ಫೋನು ಯಾರ ಕೈಯಲ್ಲಿದೆಯೋ ಅದನ್ನು ಹಾಕಿದವರೂ ಬಲ್ಲವರಲ್ಲ.

ಎರಡನೆಯದು, ಮಕ್ಕಳಿಗೆ ನೀವೇ ಫೋನು ಮಾಡಿ. ನಮ್ಮ ಮೂಲಕ ಅಲ್ಲ, ಸ್ಪೀಕರ್ ಹಾಕಿಸಿ "ಅಜ್ಜಿಗೆ ನಮಸ್ಕಾರ ಹೇಳು" ಎಂಬ ಶಾಸ್ತ್ರಕ್ಕೂ ಅಲ್ಲ. ಮಾರ್ಕ್ಸ್ ಎಷ್ಟು ಬಂತು ಎಂದು ಕೇಳಲಂತೂ ಬೇಡವೇ ಬೇಡ. ಥಾಣೆಯ ಹುಡುಗ ಅಷ್ಟು ಹೊತ್ತಿನಲ್ಲಿ ಶಿವಮೊಗ್ಗದ ನಂಬರು ಒತ್ತಿದ್ದಕ್ಕೆ ಕಾರಣ ಕೇಳಿದೆ. ಚಿಕ್ಕಪ್ಪ ಪ್ರತಿ ಭಾನುವಾರ ಅವನಿಗೆ ಫೋನು ಮಾಡಿ ಕ್ರಿಕೆಟ್ ಮಾತಾಡುತ್ತಿದ್ದರಂತೆ, ಅಷ್ಟೇ.