ಗೇಟು ತಲುಪದವರನ್ನೂ ಕೇಳಿ

ವಿಮಾನ ಪ್ರಯಾಣಿಕರು ತೃಪ್ತರಾಗಿದ್ದಾರೆಂದು ಸಮೀಕ್ಷೆಗಳು ಸಾರುತ್ತಿವೆ. ಈ ತೃಪ್ತಿಯ ಲೆಕ್ಕವನ್ನು ಬೊರಿವಲಿಯ ನಾವು ಒಪ್ಪಲಾರೆವು.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ 2022ನೇ ಸಾಲಿನ ಸಮೀಕ್ಷೆಯಲ್ಲಿ ಆಗಮನ ವಿಭಾಗದ ಜಾಗತಿಕ ಪ್ರಶಸ್ತಿ ಬಂದಾಗ ನಾವೂ ಹಿಗ್ಗಿದವರೇ. ಆದರೆ ಆ ಸಮೀಕ್ಷೆ ನಡೆಸುವ ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್ ವಿಮಾನ ನಿಲ್ದಾಣಗಳದೇ ಸಂಘ. ಹೊರಡುವವರನ್ನು ಅದು ಕೇಳುವುದು ವಿಮಾನವೇರುವ ಗೇಟಿನ ಬಳಿ. ಶೌಚಾಲಯ ಶುಚಿಯಾಗಿದೆಯೇ? ಸಿಬ್ಬಂದಿ ಸೌಜನ್ಯದಿಂದ ನಡೆದುಕೊಂಡರೇ? ಐದರಲ್ಲಿ ಎಷ್ಟು ಅಂಕ? ಬಿ.ಎಸ್ಸಿ.ಯಲ್ಲಿ ಒಂದಿಷ್ಟು ಸಂಖ್ಯಾಶಾಸ್ತ್ರ ಓದಿದವರಿಗೂ ಗೊತ್ತು, ಯಾರನ್ನು ಕೇಳುತ್ತೇವೆಂಬುದರಲ್ಲೇ ಅರ್ಧ ಉತ್ತರವಿದೆ. ಬಂದಿಳಿದವರನ್ನೋ ಗೇಟು ತಲುಪಿದವರನ್ನೋ ಕೇಳಿದರೆ, ಹೊರಡಲಾಗದವರ ಸಂಕಟ ತಿಳಿಯುವುದೆಂತು?

2025ರ ಡಿಸೆಂಬರ್ ಆರಂಭದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಪೈಲಟ್‌ಗಳ ಕೆಲಸ-ವಿಶ್ರಾಂತಿಯ ಹೊಸ ನಿಯಮಕ್ಕೆ ಅದು ಸಿದ್ಧವಾಗಿರಲಿಲ್ಲ. ಸೂಟ್‌ಕೇಸಿನ ಮೇಲೆ ತಲೆಯಿಟ್ಟು ರಾತ್ರಿ ಕಳೆದವರು ಶೌಚಾಲಯಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ!

ನಮ್ಮ ಮನೆಯದೇ ಒಂದು ಮಾತು. ಕೆಲವು ವರ್ಷಗಳ ಹಿಂದೆ ಊರಿನಿಂದ ದೊಡ್ಡಮ್ಮ ತೀರಿಕೊಂಡ ಸುದ್ದಿ ಬಂತು. ಗುಮಾಸ್ತನ ಸಂಬಳದಲ್ಲಿ ಕಡೇ ಗಳಿಗೆಯ ಟಿಕೆಟೆಂದರೇನು, ಓದುಗರಿಗೆ ಹೇಳಬೇಕಿಲ್ಲ. ಆದರೂ ಕೊಂಡೆವು. ನಸುಕಿನಲ್ಲೇ ಸಾಂತಾಕ್ರೂಜ್ ಸೇರಿದೆವು. ಮಂಗಳೂರಿನ ವಿಮಾನ ಮೊದಲು ಎರಡು ಗಂಟೆ ತಡ, ಆಮೇಲೆ ನಾಲ್ಕು, ಕೊನೆಗೆ ರದ್ದು. ಅತ್ತ ಎಷ್ಟು ಹೊತ್ತು ಕಾದಾರು? ದೊಡ್ಡಮ್ಮನ ಮುಖ ನಮಗೆ ಕಾಣಲಿಲ್ಲ. ಮರುದಿನ ಮೊಬೈಲಿಗೆ ಸಂದೇಶ: "ನಿಮ್ಮ ಪ್ರಯಾಣ ಹೇಗಿತ್ತು?" ನಗುವ ಮುಖದಿಂದ ಅಳುವ ಮುಖದವರೆಗೆ ಐದು ಚಿತ್ರಗಳು. ಪ್ರಯಾಣವೇ ಆಗಲಿಲ್ಲ ಎನ್ನಲು ಜಾಗವಿರಲಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಹತ್ತು ಸಾವಿರ ಪ್ರಯಾಣಿಕರಿಗೆ ಎಷ್ಟು ದೂರು ಬಂತೆಂದು ತಿಂಗಳು ತಿಂಗಳು ಪ್ರಕಟಿಸುತ್ತದೆ. ಒಳ್ಳೆಯದೇ. ಆದರೆ ಅದು ದೂರು ಕೊಟ್ಟವರ ಎಣಿಕೆ. "ಹೋಗಲಿ ಬಿಡಿ" ಎಂದು ಮನೆಗೆ ಮರಳಿದವರು ಅದರಲ್ಲಿಲ್ಲ. ನಾವೂ ಅಂದು ಬರೆಯಲಿಲ್ಲ. ತಪ್ಪು ನಮ್ಮದೂ ಇದೆ.

ರದ್ದಾದ ವಿಮಾನದ ಪ್ರಯಾಣಿಕರ ಹೆಸರು, ಮೊಬೈಲ್ ಸಂಖ್ಯೆ ಸಂಸ್ಥೆಗಳ ಬಳಿ ಇದ್ದೇ ಇರುತ್ತವೆ. ಆ ಪಟ್ಟಿ ಹಿಡಿದು ಸಮೀಕ್ಷೆ ನಡೆಯಲಿ. ಹಣ ವಾಪಸೋ ಬದಲಿ ವಿಮಾನವೋ, ಆಯ್ಕೆ ಪ್ರಯಾಣಿಕನದೆಂಬ ನಿಯಮವಿದೆ. ಆ ಆಯ್ಕೆ ಕೊಟ್ಟರೇ? ಹೊರಟ ಕೆಲಸ ಆಯಿತೇ? ಕನ್ನಡದಲ್ಲೂ ಮರಾಠಿಯಲ್ಲೂ ಕೇಳಲಿ.

ಅಲ್ಲಿಯವರೆಗೆ, ಹೀಗೆ ಸಿಕ್ಕಿಬಿದ್ದ ಸದಸ್ಯರು ದಿನಾಂಕ, ವಿಮಾನದ ಸಂಖ್ಯೆ, ಆದ ತೊಂದರೆ ಬರೆದು ಸಂಘದ ಕಚೇರಿಯಲ್ಲಿ ಕೊಡಿ. ಟೈಪು ಮಾಡಿ ಮಹಾನಿರ್ದೇಶನಾಲಯಕ್ಕೆ ಕಳುಹಿಸುವ ಕೆಲಸ ನಮಗಿರಲಿ. ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಅದನ್ನೇ.