ಮೇಣದ ಬಿಲ್ಲೆಗೊಂದು ಪರೀಕ್ಷೆ, ಮೂಗಿಗೂ ಒಂದು

ಮನೆಯೇ ಪ್ರಯೋಗಶಾಲೆ

ಬತ್ತಿಯಿಲ್ಲದ ಮೇಣದ ಬತ್ತಿಯನ್ನು ನೋಡಿದ್ದೀರಾ? ಉಡುಗೊರೆ ಅಂಗಡಿಗಳಲ್ಲಿ ಚಾಕೊಲೇಟ್ ತುಂಡಿನಂತೆ ಅಚ್ಚು ಹಾಕಿದ ಮೇಣದ ಬಿಲ್ಲೆಗಳು ಸಿಗುತ್ತವೆ. ಅವನ್ನು ಹಚ್ಚುವುದಿಲ್ಲ. ಪುಟ್ಟ ಬಟ್ಟಲಲ್ಲಿಟ್ಟು ಕೆಳಗಿನಿಂದ ಬಿಸಿ ಮಾಡಿದರೆ ಬಿಲ್ಲೆ ಕರಗಿ ಕೋಣೆಯ ತುಂಬ ಪರಿಮಳ ಹರಡುತ್ತದೆ. ಇದನ್ನು ಮನೆಯಲ್ಲೇ ಮಾಡಬಹುದು. ಮಾಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಮಾಡಿದ್ದು ಹೇಗಿದೆ ಎಂದು ಪರೀಕ್ಷಿಸುವುದಕ್ಕೆ ಒಂದೆರಡು ವಾರ ಬೇಕು. ಹೆಚ್ಚು ಕಲಿಯುವುದು ಈ ಪರೀಕ್ಷೆಯಲ್ಲೇ.

ಬೇಕಾಗುವ ಸಾಮಗ್ರಿ

ಬಣ್ಣವಿಲ್ಲದ ಸಾಧಾರಣ ಮೇಣದ ಬತ್ತಿ 300 ಗ್ರಾಂ, ಔಷಧದ ಅಂಗಡಿಯಲ್ಲಿ ಸಿಗುವ ನೀಲಗಿರಿ ಎಣ್ಣೆ ಮತ್ತು ಲವಂಗದ ಎಣ್ಣೆ, ಸೂಜಿಯಿಲ್ಲದ 5 ಮಿಲಿಲೀಟರಿನ ಸಿರಿಂಜ್, ಅಡುಗೆಗೆ ಮತ್ತೆ ಬಳಸದ ಒಂದು ಸ್ಟೀಲ್ ಡಬ್ಬ, ಅದು ಹಿಡಿಸುವಷ್ಟು ದೊಡ್ಡ ಪಾತ್ರೆ, 15 ಕಾಗದದ ಲೋಟ, ಒಂದು ನೋಟ್ ಪುಸ್ತಕ.

ಮಾಡುವ ವಿಧಾನ

ದೊಡ್ಡವರೊಬ್ಬರು ಕೊನೆಯವರೆಗೂ ಜೊತೆಯಲ್ಲಿರಬೇಕು. ಬತ್ತಿಯ ದಾರವನ್ನು ತೆಗೆದು ಮೇಣವನ್ನು ಪುಡಿ ಮಾಡಿ, ಮೂರು ಸಮಪಾಲು ಮಾಡಿಕೊಳ್ಳಿ. ಒಂದು ಪಾಲನ್ನು ಡಬ್ಬಕ್ಕೆ ಹಾಕಿ, ಡಬ್ಬವನ್ನು ನೀರು ಕಾಯುತ್ತಿರುವ ಪಾತ್ರೆಯೊಳಗೆ ಇಡಿ. ಮೇಣವನ್ನು ನೇರವಾಗಿ ಉರಿಯ ಮೇಲೆ ಇಡಲೇಬಾರದು. ಅದು ಕರಗುವುದಕ್ಕೆ ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ತೆರೆದ ಪಾತ್ರೆಯ ನೀರು 100 ಡಿಗ್ರಿಯನ್ನು ದಾಟದು, ಆದ್ದರಿಂದ ಅದರೊಳಗಿನ ಮೇಣವೂ ದಾಟದು. ನೇರ ಉರಿಯಲ್ಲಾದರೆ ಅದು ವಿಪರೀತ ಕಾಯ್ದು ಆವಿಗೆ ಬೆಂಕಿ ತಗಲಬಹುದು. ಹಾಗೇನಾದರೂ ಆದರೆ ನೀರು ಸುರಿಯಬೇಡಿ, ಉರಿಯುವ ಮೇಣ ಚಿಮ್ಮುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು.

ಮೇಣ ಕರಗಿದ ಮೇಲೆ ಒಲೆ ಆರಿಸಿ, ಡಬ್ಬವನ್ನು ಹೊರತೆಗೆದು ದೂರ ಇಡಿ. ಅಂಚಿನಲ್ಲಿ ಕೆನೆ ಕಟ್ಟಲು ತೊಡಗಿದಾಗ ಸಿರಿಂಜಿನಿಂದ 5 ಮಿಲಿಲೀಟರ್ ನೀಲಗಿರಿ ಎಣ್ಣೆ ಹಾಕಿ ಒಂದು ನಿಮಿಷ ಕಲಕಿ. ಅದಕ್ಕೆ ಮೊದಲೇ ಹಾಕಿದರೆ ಪರಿಮಳ ಡಬ್ಬದಿಂದಲೇ ಹಾರಿಹೋಗುತ್ತದೆ. ಉರಿಯ ಹತ್ತಿರ ಹಾಕಿದರೆ ಎಣ್ಣೆಯ ಆವಿಗೇ ಬೆಂಕಿ ಹತ್ತಬಹುದು. ಇದನ್ನು ಐದು ಲೋಟಗಳಿಗೆ ಸಮವಾಗಿ ಸುರಿಯಿರಿ. ಒಂದೊಂದು ಬಿಲ್ಲೆಯಲ್ಲೂ ಸುಮಾರು 20 ಗ್ರಾಂ ಮೇಣ, 1 ಮಿಲಿಲೀಟರ್ ಎಣ್ಣೆ ಇರುತ್ತದೆ. ಡಬ್ಬ, ಸಿರಿಂಜ್ ಎರಡನ್ನೂ ಚೆನ್ನಾಗಿ ಒರೆಸಿ ಎರಡನೆಯ ಪಾಲಿಗೆ ಲವಂಗದ ಎಣ್ಣೆಯನ್ನು ಇದೇ ರೀತಿ ಬೆರೆಸಿ. ಮೂರನೆಯ ಪಾಲಿಗೆ ಏನನ್ನೂ ಬೆರೆಸಬೇಡಿ. ಅದೇಕೆಂದು ಮುಂದೆ ತಿಳಿಯುತ್ತದೆ.

ಲೋಟಗಳ ಮೇಲೆ ಎಣ್ಣೆಯ ಹೆಸರು ಬರೆಯದೆ ಅ, ಆ, ಇ ಎಂದಷ್ಟೇ ಗುರುತು ಹಾಕಿ. ಯಾವ ಅಕ್ಷರ ಯಾವುದು ಎಂಬ ಚೀಟಿ ಅಮ್ಮನ ಬಳಿ ಇರಲಿ. ಒಂದು ದಿನ ಬಿಟ್ಟು ಕಾಗದ ಹರಿದು ಬಿಲ್ಲೆಗಳನ್ನು ತೆಗೆಯಿರಿ. ಉಳಿದ ಮೇಣವನ್ನು ಬಚ್ಚಲಿಗೆ ಚೆಲ್ಲಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಲವಂಗದ ಎಣ್ಣೆ ಚರ್ಮಕ್ಕೆ, ಕಣ್ಣಿಗೆ ತಗಲಬಾರದು. ಎಣ್ಣೆಯ ಶೀಸೆಗಳು ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಮನೆಯಲ್ಲಿ ಕೂಸು ಅಥವಾ ಆಸ್ತಮಾ ಇರುವವರು ಇದ್ದರೆ ಈ ಪ್ರಯೋಗ ಬೇಡ.

ಪರೀಕ್ಷೆ

ಪಾತ್ರೆಗೆ ಅರ್ಧ ಲೀಟರ್ ಕುದಿನೀರು ಹಾಕಿ, ಅದರಲ್ಲಿ ಬಿಲ್ಲೆಯಿಟ್ಟ ಸ್ಟೀಲ್ ಬಟ್ಟಲನ್ನು ಇಳಿಬಿಡಿ. ದಿನಕ್ಕೆ ಒಂದೇ ಅಕ್ಷರದ ಬಿಲ್ಲೆ. ಅದೇ ಕೋಣೆ, ಅಷ್ಟೇ ನೀರು, ಫ್ಯಾನ್ ಬಂದ್. ಬದಲಾಗಬೇಕಾದ್ದು ಬಿಲ್ಲೆ ಮಾತ್ರ. ಎರಡು ಸಂಗತಿ ಒಟ್ಟಿಗೆ ಬದಲಾದರೆ ಫಲಿತಾಂಶಕ್ಕೆ ಯಾವುದು ಕಾರಣ ಎಂದು ಹೇಳಲಾಗದು.

ಪರಿಮಳವನ್ನು ಅಳೆಯುವವರು ನೀವಲ್ಲ. ಊದುಬತ್ತಿ ಅಂಗಡಿಯಲ್ಲಿ ದಿನವಿಡೀ ಕುಳಿತವರಿಗೆ ಅಂಗಡಿಯ ಪರಿಮಳ ತಿಳಿಯದು. ಒಂದೇ ವಾಸನೆ ಎಡೆಬಿಡದೆ ಬಂದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಆದ್ದರಿಂದ 5 ನಿಮಿಷ ಆದಾಗ ಒಮ್ಮೆ, 20 ನಿಮಿಷ ಆದಾಗ ಒಮ್ಮೆ ಹೊರಗಿನಿಂದ ಬೇರೆಬೇರೆಯವರನ್ನು ಕರೆಯಿರಿ. ಅಜ್ಜಿ, ಅಣ್ಣ, ಪಕ್ಕದ ಮನೆಯವರು ಯಾರಾದರೂ ಆಗಬಹುದು. ಬಟ್ಟಲು ಕಾಣದಂತೆ ಮರೆಯಲ್ಲಿರಲಿ. ಎಷ್ಟು ಗಾಢ ಎಂಬುದಕ್ಕೆ 0ಯಿಂದ 5ರವರೆಗೆ ಅಂಕ ಕೊಡಲಿ, ಯಾವ ಪರಿಮಳವೆಂದೂ ಹೇಳಲಿ. ಬಳಿಕ ಕಿಟಕಿ ತೆರೆದು ಗಾಳಿಯಾಡಿಸಿ. ತಣಿದ ಬಿಲ್ಲೆಯನ್ನು ತೆಗೆದಿಟ್ಟು, ಸರದಿ ಬಂದಾಗ ಅದನ್ನೇ ಮತ್ತೆ ಕರಗಿಸಿ. ಎಷ್ಟು ಸರದಿಯವರೆಗೆ ಪರಿಮಳ ಉಳಿಯಿತು ಎಂಬುದೇ ಲೆಕ್ಕ.

ಏಕೆ ಹೀಗೆ?

ನೀಲಗಿರಿ ತಟ್ಟನೆ ಮೂಗಿಗೆ ಬಡಿದು ಬೇಗ ಬಡವಾಗುತ್ತದೆ. ಲವಂಗ ನಿಧಾನವಾಗಿ ಎದ್ದು ಹೆಚ್ಚು ದಿನ ನಿಲ್ಲುತ್ತದೆ. ನೀಲಗಿರಿ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್, ಅದರ ಕುದಿಬಿಂದು ಸುಮಾರು 176 ಡಿಗ್ರಿ. ಲವಂಗದ ಯೂಜಿನಾಲ್‌ಗೆ ಸುಮಾರು 254. ಕುದಿಬಿಂದು ಕೆಳಗಿದ್ದಷ್ಟೂ ಸಾಮಾನ್ಯವಾಗಿ ಅಣುಗಳು ಸುಲಭವಾಗಿ ಹಾರುತ್ತವೆ. ಶ್ರೀಗಂಧದ ಸಾಂಟಲಾಲ್ ಇವೆರಡಕ್ಕಿಂತಲೂ ನಿಧಾನ. ಬೆಳಿಗ್ಗೆ ತೇದು ಹಚ್ಚಿದ ಗಂಧ ಬಹಳ ಹೊತ್ತು ಪರಿಮಳಿಸುವುದು ಅದಕ್ಕೇ. ಮೇಣ ಮಾತ್ರ ಬಹುಪಾಲು ಬಟ್ಟಲಲ್ಲೇ ಉಳಿಯುತ್ತದೆ, ಹೊರಟುಹೋಗುವುದು ಎಣ್ಣೆ. ನಂಬಿಕೆ ಬಾರದಿದ್ದರೆ ಶಾಲೆಯ ಸೂಕ್ಷ್ಮ ತಕ್ಕಡಿಯಲ್ಲಿ ಮೊದಲೂ ಕೊನೆಗೂ ತೂಗಿ ನೋಡಿ.

ಇನ್ನು ಎಣ್ಣೆಯಿಲ್ಲದ ಬಿಲ್ಲೆ. ಅದಕ್ಕೂ ಯಾರಾದರೂ 2 ಅಂಕ ಕೊಟ್ಟು ‘ಲವಂಗ’ ಎನ್ನಬಹುದು. ಪರಿಮಳ ಇದ್ದೇ ಇರುತ್ತದೆ ಎಂದು ಕಾದ ಮನಸ್ಸು ಅದನ್ನು ಹುಟ್ಟಿಸಿಕೊಳ್ಳುತ್ತದೆ. ಈ ಬಿಲ್ಲೆ ಇಲ್ಲದಿದ್ದರೆ ಉಳಿದೆರಡರ ಅಂಕಗಳನ್ನು ಎಷ್ಟು ನಂಬಬೇಕೆಂದು ತಿಳಿಯುತ್ತಲೇ ಇರಲಿಲ್ಲ.

ಅಂಕಗಳೆಲ್ಲ ಒಂದೇ ಬಗೆ ಬರಬೇಕೆಂದಿಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಅವು ಎಲ್ಲರಲ್ಲೂ ಒಂದೇ ತೆರನಲ್ಲ. ಈ ಗ್ರಾಹಕಗಳ ಸಂಶೋಧನೆಗಾಗಿ ರಿಚರ್ಡ್ ಆ್ಯಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು.

ತಾಯ್ತಂದೆಯರಿಗೆ ಒಂದು ಮಾತು

ಎಲ್ಲರೂ 4 ಅಂಕ ಕೊಟ್ಟ ಬಿಲ್ಲೆಗೆ ಅಜ್ಜ ಸೊನ್ನೆ ಕೊಟ್ಟರೆನ್ನಿ. ‘ಅಜ್ಜನಿಗೆ ತಿಳಿಯಲಿಲ್ಲ, ಬಿಡು’ ಎಂದು ಆ ಸಾಲನ್ನು ಹೊಡೆದುಹಾಕಿಸಬೇಡಿ. ವಯಸ್ಸಾದಂತೆ ಅನೇಕರ ಮೂಗು ಮಂದವಾಗುತ್ತದೆ, ಅವರಿಗೇ ಅದು ಗೊತ್ತಾಗುವುದಿಲ್ಲ. 2020ರಿಂದೀಚೆಗೆ ಕೋವಿಡ್ ಬಂದವರಲ್ಲಿ ಹಲವರು ವಾಸನೆ ಕಳೆದುಕೊಂಡರು. ಕೆಲವರಿಗೆ ಅದು ಪೂರ್ತಿ ಮರಳಲಿಲ್ಲ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಗಬ್ಬು ನಾರುವ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಅಜ್ಜನಿಗೆ ಆ ವಾಸನೆ ತಿಳಿಯದಿದ್ದರೆ? ಆ ಸೊನ್ನೆ ಇನ್ನೊಮ್ಮೆ, ಮತ್ತೊಮ್ಮೆ ಬಂದರೆ ಅವರನ್ನು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಅಡುಗೆಮನೆಯಲ್ಲಿ ಅನಿಲ ಸೋರಿಕೆಯ ಎಚ್ಚರಿಕೆ ಗಂಟೆಯನ್ನೂ ಹಾಕಿಸಿ.

ಅಂಗಡಿಯಿಂದ ಸಿದ್ಧ ಮಾದರಿ ತಂದು, ಪುಸ್ತಕದಿಂದ ‘ಫಲಿತಾಂಶ’ ಇಳಿಸಿದ ಪ್ರಾಜೆಕ್ಟಿನಲ್ಲಿ ಇಂಥ ಸೊನ್ನೆ ಎಂದೂ ಬರುವುದಿಲ್ಲ. ಅಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮಗುವಿನ ಪಟ್ಟಿಯಲ್ಲಿ ಹೊಂದದ ಅಂಕವೊಂದು ಇದ್ದರೆ ಅದನ್ನು ಅಲ್ಲೇ ಬಿಡಿ, ‘ಏಕೆ?’ ಎಂದು ಪಕ್ಕದಲ್ಲಿ ಬರೆಸಿ.

ಮಕ್ಕಳೇ, ಇಷ್ಟಾದ ಮೇಲೆ ಇನ್ನೊಂದು ಕೆಲಸ. ಒಂದು ಲೋಟ ನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ, ಇನ್ನೊಂದು ಲೋಟಕ್ಕೆ ಎರಡು ಹನಿ ಲವಂಗದ ಎಣ್ಣೆ ಬಿಡಿ. ಒಂದು ತೇಲುತ್ತದೆ, ಒಂದು ಮುಳುಗುತ್ತದೆ. ಯಾವುದು ಎಂದು ಮೊದಲು ಊಹಿಸಿ ಬರೆದಿಟ್ಟು ಆಮೇಲೆ ನೋಡಿ. ಊಹೆ ತಪ್ಪಾದರೆ ಅದನ್ನೂ ಅಳಿಸಬೇಡಿ.