ಬಿಡುವಿನ ವೇಳೆ: ಗಾಲಿಯ ಮೇಲಿನ ಮನೆ

ಹವ್ಯಾಸಕ್ಕೆ ಬೇಕಾದದ್ದು ಹಣವಲ್ಲ, ಪುರುಸೊತ್ತು ಎಂದು ಹಿಂದಿನ ಸಂಚಿಕೆಯಲ್ಲಿ ನಾನು ಬರೆದದ್ದನ್ನು ಓದಿ ನಮ್ಮ ಸಂಘದ ಹಿರಿಯರೊಬ್ಬರು, "ಆ ಪುರುಸೊತ್ತು ಯಾವ ಅಂಗಡಿಯಲ್ಲಿ ದೊರೆಯುತ್ತದೆ, ಸ್ವಾಮಿ?" ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈ ಚಳಿಗಾಲದಲ್ಲಿ ಹನ್ನೆರಡು ದಿನಗಳ ಮಟ್ಟಿಗೆ ಅದು ಬಾಡಿಗೆಗೆ ದೊರೆಯಿತು. ನಾಲ್ಕು ಗಾಲಿಗಳ ಮೇಲೆ ಬಂದು ನಮ್ಮ ಪುಣೆಯ ಮನೆಯ ಮುಂದೆ ನಿಂತಿತು. ಅದರ ಹೆಸರು ಕ್ಯಾರವಾನ್.

ಮಲಗಲು ಎರಡು ಮಂಚ, ಒಂದು ಒಲೆ, ಕೈತೊಳೆಯಲು ಬೋಗುಣಿ, ಮೂಲೆಯಲ್ಲಿ ಪಾಯಿಖಾನೆ, ಮಾಡಿನ ಮೇಲೆ ನೀರಿನ ತೊಟ್ಟಿ, ಇಷ್ಟೇ ಸಂಸಾರ. ಮಹಾರಾಷ್ಟ್ರ ಮತ್ತು ಕೇರಳ ಸರಕಾರಗಳು 2021ರಲ್ಲಿ ಇಂಥ ಪ್ರವಾಸಕ್ಕೆಂದು ನೀತಿಯನ್ನೇ ಪ್ರಕಟಿಸಿದ ಮೇಲೆ ನಮ್ಮಲ್ಲಿಯೂ ಈ ಗಾಡಿಗಳ ಮಾತು ಹೆಚ್ಚಾಗಿದೆ.

ಈ ಹುಚ್ಚು ಹಿಡಿಸಿದವರು ಸ್ಕಾಟ್ಲೆಂಡಿನ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು. ನೌಕಾದಳದಲ್ಲಿ ಸೇವೆ ಮುಗಿಸಿ, ಹುಡುಗರಿಗಾಗಿ ಕಥೆ ಬರೆಯುತ್ತಿದ್ದವರು. ಜಿಪ್ಸಿಗಳ ಮನೆಗಾಡಿಗಳನ್ನು ನೋಡಿ ಮನಸೋತು, ಬ್ರಿಸ್ಟಲ್ಲಿನ ಕಾರ್ಖಾನೆಯಲ್ಲಿ ತಮಗೂ ಒಂದನ್ನು ಕಟ್ಟಿಸಿಕೊಂಡು ಅದಕ್ಕೆ 'ವಾಂಡರರ್' ಎಂದು ಹೆಸರಿಟ್ಟರು. 1885ರಲ್ಲಿ ಅದಕ್ಕೆ ಎರಡು ಕುದುರೆ ಹೂಡಿ, ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೊರಟರು. ಜೊತೆಗೆ ಒಂದು ನಾಯಿ, ಒಂದು ಕಾಕಟೂ ಗಿಳಿ. ಎದುರು ಬರುವವರನ್ನು ಎಚ್ಚರಿಸಲು ಮುಂದೆ ಮೂರು ಗಾಲಿಯ ಸೈಕಲ್ಲಿನ ಮೇಲೆ ಒಬ್ಬ ಸೇವಕ. ದಾರಿಯುದ್ದಕ್ಕೂ ಬರೆದದ್ದು ಮರುವರ್ಷ ಪುಸ್ತಕವಾಯಿತು. 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರವಾನಿಗರ ಸಂಘವೇ ಹುಟ್ಟಿತು.

ಇದನ್ನೆಲ್ಲ ನಮ್ಮ ಮನೆಯವಳಿಗೆ ಓದಿ ಹೇಳಿದೆ. ಅವಳು ಧಾರವಾಡ ಸೀಮೆಯವಳು. "ಇದರಾಗ ಏನ್ ಹೊಸಾದೈತ್ರೀ? ನಮ್ಮ ಅಜ್ಜ ಕೊಲ್ಲಾರಿ ಬಂಡಿ ಕಟ್ಕೊಂಡು ಸವದತ್ತಿ ಎಲ್ಲಮ್ಮನ ಜಾತ್ರಿಗೆ ಹೋಗತಿದ್ದಿಲ್ಲೇನು? ಬುತ್ತಿ, ಹಾಸಿಗಿ, ಭಜನಿ ತಾಳ ಎಲ್ಲಾ ಬಂಡ್ಯಾಗ ಇರತಿದ್ದುವು" ಎಂದಳು. ನಾನು ಪುಸ್ತಕ ಮುಚ್ಚಿದೆ.

ನಾವು ಗಾಡಿ ಹಿಡಿದದ್ದಕ್ಕೆ ನಿಜವಾದ ಕಾರಣ ಬೇರೆ. ನೌಕರಿಯ ಮೂವತ್ತನಾಲ್ಕು ವರ್ಷವೂ ನಮ್ಮ ರಜೆಯೆಂದರೆ ಊರಿಗೆ ಹೋಗುವುದು ಎಂದೇ ಅರ್ಥ. ಮದುವೆಗೆ ಒಮ್ಮೆ, ತಿಥಿಗೆ ಒಮ್ಮೆ, ಆಸ್ತಿಯ ಕಾಗದಕ್ಕೆ ಒಮ್ಮೆ. ರೋಣದ ಕಡೆಯ ಆ ಹಳ್ಳಿಯ ಮನೆಯನ್ನು ಆರು ವರ್ಷದ ಹಿಂದೆ ಅಣ್ಣತಮ್ಮಂದಿರು ಕೂಡಿ ಮಾರಿದೆವು. ಆಮೇಲೆ ಊರಿಗೆ ಹೋಗಲಿಲ್ಲ. ಹೋದರೆ ಇಳಿಯುವುದೆಲ್ಲಿ? ಹುಟ್ಟಿದ ಊರಿನಲ್ಲಿ ಲಾಡ್ಜು ಹುಡುಕುವ ಮನಸ್ಸು ಯಾರಿಗೆ ಬಂದೀತು? ಓದುಗರಲ್ಲಿ ಅನೇಕರಿಗೆ ಈ ಸಂಕಟದ ಪರಿಚಯವಿದ್ದೀತು. ಮನೆಯನ್ನೇ ಕೊಂಡೊಯ್ದರೆ ಆ ಪ್ರಶ್ನೆಯಿಲ್ಲವಲ್ಲ ಎಂದು ಹೊಳೆದದ್ದು ಆಗ.

ಪುಣೆಯಿಂದ ಧಾರವಾಡದ ದಾರಿಯನ್ನು ರಾತ್ರಿಯ ಬಸ್ಸು ಒಂದೇ ನಿದ್ದೆಯಲ್ಲಿ ಮುಗಿಸುತ್ತದೆ. ನಾವು ಮೂರು ದಿನ ಮಾಡಿದೆವು. ಗಾಡಿಯೊಡನೆ ಬಂದಿದ್ದ ಮರಾಠಿ ಹುಡುಗ ಮೊದಲ ದಿನ ನಮ್ಮನ್ನು ಕನಿಕರದಿಂದ ನೋಡಿದ. ಮೂರನೆಯ ದಿನ ತಾನೇ ಬೇವಿನ ನೆರಳು ಹುಡುಕಿ ನಿಲ್ಲಿಸತೊಡಗಿದ. ನೀರೆತ್ತುವ ಪಂಪು ಮಾತ್ರ ಎರಡನೆಯ ದಿನವೇ ಮುಷ್ಕರ ಹೂಡಿತು. ಬಾಡಿಗೆಗೆ ಕೊಟ್ಟವರಿಗೆ ಫೋನು ಮಾಡಿದರೆ, "ಸ್ವಲ್ಪ ತಟ್ಟಿ ನೋಡಿ" ಎಂದರು. ತಟ್ಟಿದೆವು, ಪ್ರಯೋಜನವಾಗಲಿಲ್ಲ. ಕೊಡಪಾನ ಕೊಂಡೆವು. ಆಮೇಲೆ ಪ್ರತಿ ಊರಿನಲ್ಲೂ ನೀರು ಕೇಳುವ ನೆಪದಲ್ಲಿ ನಾಲ್ಕು ಮನೆಯ ಗುರುತಾಯಿತು.

ನನ್ನ ಹವ್ಯಾಸ ಹಕ್ಕಿ ನೋಡುವುದು, ಅವಳದು ಕಸೂತಿ. ಎರಡೂ ಅವಸರಕ್ಕೆ ಒಗ್ಗುವಂಥವಲ್ಲ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ. ನೂಲೆಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು, ಗಂಟು ಹಾಕಬಾರದು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಲಕ್ಕುಂಡಿಯಲ್ಲಿ ಎರಡು ರಾತ್ರಿ ನಿಂತೆವು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯನ್ನೂ ಕಾಶಿವಿಶ್ವನಾಥನ ಗುಡಿಯ ಬಾಗಿಲುವಾಡವನ್ನೂ ಹಿಂದೆ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿದ್ದೆವು. ಈ ಸಲ ಅವಳು ಬಾಗಿಲುವಾಡದ ಎದುರು ಒಂದು ಬೆಳಗು ಪೂರಾ ಕುಳಿತು, ಚೌಕುಳಿ ಕಾಗದದ ಮೇಲೆ ಬಳ್ಳಿಯೊಂದನ್ನು ಎಣಿಕೆಯಲ್ಲಿ ಇಳಿಸಿಕೊಂಡಳು.

ನನ್ನ ಪಾಳಿ ಮಾಗಡಿ ಕೆರೆಯಲ್ಲಿ ಬಂದಿತು. ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ, ಗದಗ ಜಿಲ್ಲೆಯ ಶಿರಹಟ್ಟಿಯ ಕಡೆಯದು. ಮಂಗೋಲಿಯ, ಟಿಬೆಟ್ಟುಗಳಿಂದ ಹಿಮಾಲಯವನ್ನೇ ದಾಟಿ ಹೆಬ್ಬಾತುಗಳು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ; ಒಮ್ಮೆ ನೋಡಿದರೆ ಮರೆಯುವುದಿಲ್ಲ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮನ್ನಣೆ ದೊರೆಯಿತು. ಹೊಲಗಳಲ್ಲಿ ಮೇಯ್ದು ಅವು ಗುಂಪುಗುಂಪಾಗಿ ನೀರಿಗೆ ಮರಳುವುದನ್ನು ಗಾಡಿಯ ಮೆಟ್ಟಿಲ ಮೇಲೆ ಚಹದ ಬಟ್ಟಲು ಹಿಡಿದು ನೋಡಿದೆ. ಪಕ್ಕದ ಹೊಲದವನು, "ನಮ್ಮ ಶೇಂಗಾ ತಿಂತಾವ್ರೀ, ಆದ್ರ ಏನ್ ಮಾಡೂದು, ವರ್ಷಾ ಬರೂ ಬೀಗರು" ಎಂದು ನಕ್ಕ.

ಎಂಟನೆಯ ದಿನ ಊರು ಸೇರಿದೆವು. ಶಾಲೆಯ ಬಯಲಿನಲ್ಲಿ ನಿಲ್ಲಿಸೋಣವೆಂದು ನನ್ನ ಎಣಿಕೆ. ಮನೆ ಕೊಂಡವರ ಮಗ ಎದುರು ಬಂದು, "ಕಾಕಾರ, ಬಯಲಾಗ ಯಾಕ್ರೀ? ನಿಮ್ಮ ಹಿತ್ತಲದಾಗ ಜಾಗಾ ಬೇಕಾದಷ್ಟೈತಿ" ಎಂದ. ನಿಮ್ಮ ಹಿತ್ತಲು ಎಂದ ಅವನು. ನಾನೇನೂ ಹೇಳಲಾರದೆ ಗಾಡಿಯ ಹಿಂದೆ ನಡೆದೆ. ಬಾವಿಯ ಮಗ್ಗುಲಲ್ಲಿ, ನನ್ನ ತಾಯಿ ಭತ್ತ ಕುಟ್ಟುತ್ತಿದ್ದ ಒರಳಿನ ಪಕ್ಕದಲ್ಲಿ, ಮೂರು ರಾತ್ರಿ ಮಲಗಿದೆವು.

ನಮ್ಮಾಕೆ ಜೊತೆಯಲ್ಲಿ ತಂದಿದ್ದ ಕಸೂತಿ ಅವಳದಲ್ಲ, ನನ್ನ ತಾಯಿಯದು. ಮೊಮ್ಮಗಳ ಮದುವೆಗೆಂದು ಚಂದ್ರಕಾಳಿ ಸೀರೆಯ ಮೇಲೆ ತೇರು ಹೊಲಿಯಹತ್ತಿದ್ದಳು. ಮುಗಿಸುವ ಮೊದಲೇ ತೀರಿಕೊಂಡಳು. ತೇರಿಗೆ ಗಾಲಿಗಳಿದ್ದವು, ಕಳಸವಿರಲಿಲ್ಲ. ಮುಂದಿನ ಎಣಿಕೆ ತಿಳಿಯದೆ ಸೊಸೆ ಅದನ್ನು ಹದಿನೇಳು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದಳು. ಎರಡನೆಯ ದಿನ ಓಣಿಯ ಮುದುಕಿಯೊಬ್ಬರು ಗಾಡಿ ನೋಡಲು ಬಂದರು. ಅತ್ತೆಯ ಜೊತೆಗೆ ಕಟ್ಟೆಯ ಮೇಲೆ ಕುಳಿತು ಹೊಲಿಯುತ್ತಿದ್ದವರು. ಈಗ ಅವರಿಗೆ ಕಣ್ಣು ಮಂಜು. ಸೀರೆಯನ್ನು ಬೆರಳಿನಿಂದ ತಡವಿ, "ಯವ್ವಾ, ಇಲ್ಲಿ ಆಕಿ ಒಂದೆಳಿ ತಪ್ಪ್ಯಾಳ. ಅದಕs ಮುಂದ ಕೂಡವಲ್ದು" ಎಂದರು. ಹದಿನೇಳು ವರ್ಷ ತನ್ನ ಅಜ್ಞಾನವೆಂದುಕೊಂಡಿದ್ದದ್ದು ಅತ್ತೆಯ ತಪ್ಪೆಂದು ತಿಳಿದು ಸೊಸೆ ಮೊದಲು ನಕ್ಕಳು, ಆಮೇಲೆ ಅತ್ತಳು. ನಾನು ಬಾವಿಯ ಕಡೆ ಹೋಗಿ ಸುಮ್ಮನೆ ಕೊಡ ತುಂಬಿಸಿದೆ.

ಆ ತಪ್ಪಿದ ಎಳೆಯನ್ನು ಅವಳು ಬಿಚ್ಚಲಿಲ್ಲ. ಪಕ್ಕದಿಂದ ಒಂದೆಳೆ ಹೆಚ್ಚಿಸಿಕೊಂಡು ಮೇಲಕ್ಕೆ ಹೊಲಿಯುತ್ತ ಬಂದಳು. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕಳಸ ಮೂಡಿತು. ಮಗಳ ಮದುವೆಯಾಗಿ ಬಹಳ ದಿನವಾಯಿತು; ಸೀರೆ ಈಗ ಮೊಮ್ಮಗಳ ಪಾಲಿಗೆ. ಅವಳಿಗೆ ಇನ್ನೂ ಒಂಬತ್ತು ವರ್ಷ, ಸೆರಗು ಮುಗಿಯಲು ಬೇಕಾದಷ್ಟು ಪುರುಸೊತ್ತಿದೆ.

ಹೊರಡಬೇಕೆನ್ನುವವರಿಗೆ ನಾಲ್ಕು ಮಾತು. ದಿನಕ್ಕೆ ನೂರು ಮೈಲಿಗಿಂತ ಹೆಚ್ಚು ಓಡಬೇಡಿ. ಕತ್ತಲಾಗುವ ಮೊದಲೇ ತಂಗಿರಿ. ಯಾರ ಜಾಗವಾದರೂ ಕೇಳಿಯೇ ನಿಲ್ಲಿಸಿ. ನಿಮ್ಮ ಕಸವನ್ನು ನೀವೇ ಹೊತ್ತು ತನ್ನಿ. ಪಂಪು, ದೀಪ, ಒಲೆಗಳನ್ನು ಹೊರಡುವ ಮುಂಚೆ ನೀವೇ ಹಚ್ಚಿ ನೋಡಿ. ಒಬ್ಬೊಬ್ಬರೂ ಒಂದೊಂದೇ ಹವ್ಯಾಸ ಒಯ್ಯಿರಿ. ಹತ್ತು ಒಯ್ದರೆ ಹನ್ನೊಂದನೆಯದಾಗಿ ಜಗಳ ಬರುತ್ತದೆ. ಬಾಡಿಗೆ ಅಗ್ಗವಲ್ಲ, ಎರಡು ಸಂಸಾರ ಕೂಡಿದರೆ ಹಗುರ. ಅದೂ ಆಗದಿದ್ದರೆ ಪ್ಯಾಸೆಂಜರ್ ರೈಲೂ ಆದೀತು, ನಡುವಿನ ಸ್ಟೇಶನ್ನುಗಳಲ್ಲಿ ಇಳಿಯುವ ಧೈರ್ಯವಿದ್ದರೆ.

ಊರಿನಲ್ಲಿ ಮನೆಯುಳಿಯದ ಬಂಧುಗಳು ಯಾರಾದರೂ ಈ ಬಗೆಯಲ್ಲಿ ಹೋಗಿ ಬಂದಿದ್ದರೆ ನನಗೆ ಬರೆಯಿರಿ. ಗಾಡಿ ಎಲ್ಲಿ ನಿಲ್ಲಿಸಿದಿರಿ, ನೀರು ಕೊಟ್ಟವರು ಯಾರು ಎಂಬುದನ್ನು ಮರೆಯದೆ ತಿಳಿಸಿರಿ.